ಸಂಘದ ಲೆಕ್ಕದಲ್ಲಿ ನಮ್ಮ ಗುಣದ ಪರೀಕ್ಷೆ

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆ ಬೇಗ ಎದ್ದು ಮನೆಗೆಲಸ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಕೆಲವರು ಎರಡೆರಡು ಬಸ್ಸು ಹತ್ತಿ ಬಂದಿದ್ದೀರಿ. ಮೀನು ಮಾರುವವರು ಒಂದು ದಿನದ ವ್ಯಾಪಾರ ಬಿಟ್ಟು ಬಂದಿದ್ದೀರಿ. ಭಟ್ಕಳದ ಕಡೆಯವರು ಮಲ್ಲಿಗೆ ಮೊಗ್ಗು ಕೊಯ್ದು ಕೊಟ್ಟು ಬಂದಿದ್ದೀರಿ. ನಿಮ್ಮ ಈ ಒಂದು ದಿನ ವ್ಯರ್ಥವಾಗಬಾರದು ಅಂತ ನಾವು ದೇವರಲ್ಲಿ ಬೇಡಿಕೊಂಡೇ ಮಾತು ಶುರು ಮಾಡ್ತೇವೆ.

ಇಂದಿನ ವಿಷಯ, ದಿನನಿತ್ಯದ ಬದುಕಿನಲ್ಲಿ ಕ್ರೈಸ್ತ ಗುಣದಲ್ಲಿ ಬೆಳೆಯುವುದು. ಇದು ಚರ್ಚಿಗೆ ಹೋಗುವವರಿಗೆ ಮಾತ್ರ ಅಂತ ಯಾರೂ ಎದ್ದು ಹೋಗಬೇಡಿ. ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದೀರಿ. ಪ್ರಭು ಯೇಸು ಕಲಿಸಿದ ಒಂದು ದಾರಿಯನ್ನು ಇವತ್ತು ನೋಡೋಣ. ಸತ್ಯ ಮತ್ತು ದಯೆ ಬೇಕು ಅನ್ನುವ ಎಲ್ಲರ ಮನೆಗೂ ಅದು ಸಲ್ಲುತ್ತದೆ.

ಭಕ್ತಿ ಬೇರೆ, ಬೆಳವಣಿಗೆ ಬೇರೆಯೇ?

ಜಪಸರ ತಪ್ಪಿಸದೇ ಮಾಡ್ತೇವೆ, ಭಾನುವಾರ ಬಲಿಪೂಜೆಗೆ ಹೋಗ್ತೇವೆ, ಉಪವಾಸ ಮಾಡ್ತೇವೆ. ಇದೆಲ್ಲ ಬೇಕು. ಆದರೆ ಇಷ್ಟರಿಂದಲೇ ನಾವು ಬೆಳೆದೆವು ಅಂತ ಹೇಳಲಾಗದು. ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪವಿತ್ರಾತ್ಮರ ಫಲಗಳನ್ನು ಹೇಳಿದ್ದಾರೆ. ಪ್ರೀತಿ, ಸಹನೆ, ದಯೆ, ಸಂಯಮ ಇತ್ಯಾದಿ. ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಒಬ್ಬರೇ ಕೂತಿದ್ದಾಗ ಕಾಣುವಂಥವಲ್ಲ. ಎದುರಿಗೆ ಇನ್ನೊಬ್ಬರಿದ್ದಾಗ, ಅದೂ ತಪ್ಪು ಮಾಡಿದ ಇನ್ನೊಬ್ಬರಿದ್ದಾಗ, ನಮ್ಮಲ್ಲಿ ಸಹನೆ ಇದೆಯೋ ಇಲ್ಲವೋ ಗೊತ್ತಾಗ್ತದೆ.

ಸಂಘದ ಪಂಚಸೂತ್ರ ನಿಮಗೆಲ್ಲ ಬಾಯಿಪಾಠ. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ನಿಯಮಿತ ಲೆಕ್ಕ ಬರವಣಿಗೆ. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಪ್ರಾರಂಭಿಸಿದ ಮೇಲೆ ಲಕ್ಷಾಂತರ ಸಂಘಗಳು ಆದವು. ಒತ್ತೆ ಇಡಲು ಚಿನ್ನ ಇಲ್ಲದ ಹೆಂಗಸಿಗೂ ಸಾಲ ಸಿಕ್ಕಿತು. ಆ ಸಾಲಕ್ಕೆ ಆಧಾರ ಒಂದೇ, ಒಬ್ಬರ ಮೇಲೆ ಒಬ್ಬರಿಗಿರುವ ನಂಬಿಕೆ. ಆ ನಂಬಿಕೆ ಮುರಿದಾಗ ನಾವು ಏನು ಮಾಡ್ತೇವೆ? ನಮ್ಮ ಗುಣದ ಪರೀಕ್ಷೆ ಅಲ್ಲೇ.

ನಾವು ಎಡವಿದ ಒಂದು ಘಟನೆ

ಕೆಲವು ವರ್ಷಗಳ ಹಿಂದೆ ಹೊನ್ನಾವರ ತಾಲೂಕಿನ ಕಡಲಂಚಿನ ಒಂದು ಊರಿನ ಸಂಘದಲ್ಲಿ ನಡೆದದ್ದು. ಹೆಸರು ಬೇಡ. ಹದಿನಾಲ್ಕು ಸದಸ್ಯೆಯರು. ಹಣ ಬ್ಯಾಂಕಿಗೆ ಕಟ್ಟಿ ಬರುವ ಕೆಲಸ ಅಧ್ಯಕ್ಷೆಯದ್ದು. ಸೆಪ್ಟೆಂಬರ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಲೆಕ್ಕದ ಪುಸ್ತಕಕ್ಕೂ ಪಾಸ್‌ಬುಕ್ಕಿಗೂ 8,400 ರೂಪಾಯಿ ವ್ಯತ್ಯಾಸ ಬಂತು. ಮೂವರು ಕಟ್ಟಿದ ಸಾಲದ ಕಂತು ಬ್ಯಾಂಕಿಗೆ ಹೋಗಿರಲೇ ಇಲ್ಲ.

ಸಭೆಯಲ್ಲಿ ದೊಡ್ಡ ಗಲಾಟೆ ಆಯಿತು. ಒಬ್ಬಳು ಅವಳನ್ನು ಕಳ್ಳಿ ಅಂದೇ ಬಿಟ್ಟಳು. ಅವಳ ಸಣ್ಣ ಮಗಳು ಅಲ್ಲೇ ಬಾಗಿಲ ಬಳಿ ನಿಂತಿತ್ತು. ನಾವು ಅಲ್ಲಿ ಇದ್ದೆವು. ತಡೆಯಬೇಕಾದವರು ನಾವು. ಆದರೆ ನಾವೂ ಸಿಟ್ಟಿನಿಂದ, "ನಿನ್ನಿಂದ ಇಡೀ ಸಂಘದ ಹೆಸರು ಹಾಳಾಯ್ತು" ಅಂತ ಎಲ್ಲರೆದುರು ಹೇಳಿದೆವು. ಅವಳು ಒಂದು ಮಾತೂ ಆಡಲಿಲ್ಲ. ಮಗಳ ಕೈ ಹಿಡಿದು ಎದ್ದು ಹೋದಳು.

ಆ ಸಂಘದಲ್ಲಿ ಮೀನು ಮಾರುವ ಒಬ್ಬ ಹಿರಿಯಕ್ಕ ಇದ್ದರು. ಓದು ಬರಹ ಬಾರದು, ಹೆಬ್ಬೆಟ್ಟು. ಅವರು ಅಂದು ಸಂಜೆಯೇ ನಾಲ್ಕು ಬಂಗಡೆ ಕಟ್ಟಿಕೊಂಡು ಅಧ್ಯಕ್ಷೆಯ ಮನೆಗೆ ಹೋದರಂತೆ. ಹೋದವರು ಹಣದ ಸುದ್ದಿ ಎತ್ತಲಿಲ್ಲ. "ಊಟ ಮಾಡಿದ್ಯನೇ?" ಅಂತ ಕೇಳಿದರಂತೆ. ಆಗ ಅವಳು ಅತ್ತು ಎಲ್ಲ ಹೇಳಿದಳು. ಗಂಡ ಬೋಟಿನ ಕೆಲಸದವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ನಿಮಗೆ ಗೊತ್ತು. ಆ ಎರಡು ತಿಂಗಳು ಮನೆಗೆ ದುಡ್ಡಿಲ್ಲ. ಮಗಳಿಗೆ ಜ್ವರ ಬಂದು ಆಸ್ಪತ್ರೆ ಸೇರಿಸಬೇಕಾಯ್ತು. ಕೈಯಲ್ಲಿದ್ದದ್ದು ಸಂಘದ ಹಣ. ಮುಂದಿನ ವಾರ ಹಾಕಿದರಾಯ್ತು ಅಂದುಕೊಂಡಳು. ಆ ಮುಂದಿನ ವಾರ ಬರಲೇ ಇಲ್ಲ.

ಮರುದಿನ ಆ ಹಿರಿಯಕ್ಕ ನಮ್ಮ ಆಫೀಸಿಗೆ ಬಂದರು. "ಸಿಸ್ಟರ್, ಲೆಕ್ಕ ಕೇಳಿದ್ದು ಸರಿ. ಆದ್ರೆ ಮನೆಗೆ ಹೋಗಿ ಕೇಳ್ಬೇಕಿತ್ತು. ನಾವೆಲ್ಲ ಸೇರಿ ಒಬ್ಬಳ ಮೈಮೇಲೆ ಬಿದ್ದಂಗಾಯ್ತು. ಮತ್ತೆ, ಪುಸ್ತಕಕ್ಕೆ ತಿಂಗಳು ತಿಂಗಳು ನಿಮ್ಮ ರುಜು ಉಂಟಲ್ಲ? ನೀವು ಪಾಸ್‌ಬುಕ್ ನೋಡ್ಲಿಲ್ವಾ?"

ನಾವು ನೋಡಿರಲಿಲ್ಲ. ನಾಲ್ಕು ತಿಂಗಳು ಪಾಸ್‌ಬುಕ್ ನೋಡದೇ ರುಜು ಹಾಕಿದ್ದೆವು. ಸಮಾಜಕಾರ್ಯದಲ್ಲಿ ಎಂ.ಎ. ಓದಿದವರು ನಾವು. ಮೂವತ್ತು ವರ್ಷ ಸನ್ಯಾಸ ಜೀವನದಲ್ಲಿ ಇದ್ದವರು ನಾವು. ಅವಳ ತಪ್ಪಿನ ಪಕ್ಕದಲ್ಲಿ ನಮ್ಮ ತಪ್ಪೂ ಕೂತಿತ್ತು, ಅದನ್ನು ಮುಚ್ಚಲಿಕ್ಕೇ ನಾವು ದೊಡ್ಡ ದನಿ ತೆಗೆದಿದ್ದೆವು. ಅಂದು ರಾತ್ರಿ ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತು ಬರಲಿಲ್ಲ.

ಯೇಸು ಕಲಿಸಿದ ಕ್ರಮ

ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯವನ್ನು ನಾವು ಎಷ್ಟೋ ಸಲ ಓದಿದ್ದೆವು. ಅಂದು ಮತ್ತೆ ತೆರೆದೆವು. ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನ ಹತ್ತಿರ ಮಾತಾಡು ಅಂತ ಪ್ರಭು ಹೇಳ್ತಾರೆ. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಮಾತ್ರ ಸಭೆಯ ಮುಂದೆ ಇಡು. ಅಂದರೆ ಸಭೆ ಮೂರನೇ ಮೆಟ್ಟಿಲು. ನಾವು ಮೂರನೆಯದನ್ನೇ ಮೊದಲು ಹತ್ತಿದ್ದೆವು. ಹೆಬ್ಬೆಟ್ಟಿನ ಆ ಅಕ್ಕ ಒಂದನೇ ಮೆಟ್ಟಿಲಿನಿಂದ ಶುರು ಮಾಡಿದ್ದರು.

ಅದೇ ಅಧ್ಯಾಯದ ಕೊನೆಗೆ ಸಾಲದ ಕಥೆ ಬರ್ತದೆ. ಅರಸನಿಗೆ ಒಬ್ಬ ಸೇವಕ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಅವನಿಗೆ ಇನ್ನೊಬ್ಬ ಸೇವಕ ನೂರು ದಿನಾರಿ ಕೊಡಬೇಕಿತ್ತು. ನೀವು ಲೆಕ್ಕ ಬಲ್ಲವರು, ಲೆಕ್ಕ ಹಾಕಿ. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ಅಷ್ಟನ್ನೂ ಅರಸ ಮನ್ನಾ ಮಾಡಿದ. ಹೊರಗೆ ಬಂದ ಅದೇ ಸೇವಕ ನೂರು ದಿನದ ಕೂಲಿಗಾಗಿ ಜೊತೆಯವನ ಕುತ್ತಿಗೆ ಹಿಡಿದ. ನೂರು ದಿನದ ಕೂಲಿ ಸಣ್ಣದು ಅಂತ ನಾವು ಹೇಳುವುದಿಲ್ಲ, ನಮ್ಮ ಮನೆಗಳಿಗೆ ಅದು ದೊಡ್ಡದೇ. ಆದರೆ ಕುತ್ತಿಗೆ ಹಿಡಿಯುವ ಮೊದಲು ನಮಗೆ ಎಷ್ಟು ಮನ್ನಾ ಆಗಿದೆ ಅಂತ ನೆನಪಿರಬೇಕು.

ಕ್ಷಮೆ ಅಂದರೆ ಲೆಕ್ಕ ಅಳಿಸುವುದಲ್ಲ

ಹಾಗಾದರೆ 8,400 ರೂಪಾಯಿ ಬಿಟ್ಟುಬಿಡಬೇಕಾ? ಇಲ್ಲ. ಅದು ಹದಿನಾಲ್ಕು ಜನರ ಬೆವರು. ಜಕ್ಕಾಯನ ಕಥೆ ನೆನಪಿರಲಿ. ಎಲ್ಲರೂ ದೂರ ಇಟ್ಟಿದ್ದ ಸುಂಕದವನ ಮನೆಗೆ ಯೇಸು ತಾವಾಗಿ ಅತಿಥಿಯಾಗಿ ಹೋದರು. ಆಮೇಲೆ ಜಕ್ಕಾಯನೇ ಎದ್ದು ನಿಂತು, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ಹಿಂದೆ ಕೊಡ್ತೇನೆ ಅಂದ. ಪ್ರೀತಿ ಮೊದಲು ಮನೆಗೆ ಹೋಯಿತು, ಲೆಕ್ಕ ಅದರ ಹಿಂದೆ ಬಂತು.

ನಮ್ಮ ಸಂಘದಲ್ಲೂ ಹಾಗೇ ಆಯಿತು. ಹಿರಿಯಕ್ಕ ಇನ್ನೊಬ್ಬರನ್ನು ಕರೆದುಕೊಂಡು ಎರಡನೇ ಸಲ ಹೋದರು. ಅಧ್ಯಕ್ಷೆ ತಾನಾಗಿ ಸಭೆಗೆ ಬಂದು ತಪ್ಪು ಒಪ್ಪಿಕೊಂಡಳು. ವಾರಕ್ಕೆ 350 ರೂಪಾಯಿಯಂತೆ 24 ವಾರ ಕಟ್ಟುವುದು ಅಂತ ತೀರ್ಮಾನವಾಗಿ ಠರಾವು ಬರೆದೆವು. ಹಣದ ಜವಾಬ್ದಾರಿಯಿಂದ ಅವಳನ್ನು ಬಿಡಿಸಿದೆವು, ಸಂಘದಿಂದ ಬಿಡಿಸಲಿಲ್ಲ. ನಾವೂ ಎದ್ದು ನಿಂತು ಅವಳ ಹತ್ತಿರ, ಸದಸ್ಯೆಯರ ಹತ್ತಿರ ಕ್ಷಮೆ ಕೇಳಿದೆವು. ನಡುವೆ ಕೆಲವು ವಾರ ತಪ್ಪಿತು. ಆದರೂ 29ನೇ ವಾರಕ್ಕೆ ಪೂರ್ತಿ ತೀರಿತು. ಎಲ್ಲವೂ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗ್ತದೆ. ಕಂತು ಕಟ್ಟಿದ ಮೂವರಲ್ಲಿ ಒಬ್ಬಳು ಸಂಘ ಬಿಟ್ಟವಳು ತಿರುಗಿ ಬರಲಿಲ್ಲ. ಅವಳ ನೋವು ನ್ಯಾಯವಾದದ್ದೇ.

2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಸಾಲಗಾರರಿಗೆ ಕಿರುಕುಳ ಕೊಟ್ಟು ವಸೂಲಿ ಮಾಡುವುದನ್ನು ತಡೆಯಲು ಸುಗ್ರೀವಾಜ್ಞೆ ಬಂತು. ಫೈನಾನ್ಸ್‌ನವರು ಮನೆ ಬಾಗಿಲಲ್ಲಿ ನಿಂತು ಕೂಗಾಡಿದರೆ ಅದು ಅಪರಾಧ ಅಂತ ಕಾನೂನು ಹೇಳಿತು. ಒಳ್ಳೆಯದಾಯಿತು. ಆದರೆ ನಮ್ಮ ನಮ್ಮೊಳಗೆ, ನೆರೆಮನೆಯವಳ ಮಾನ ತೆಗೆಯುವ ನಾಲಿಗೆಯನ್ನು ಕಾನೂನು ತಡೆಯುವುದು ಕಷ್ಟ. ಅದನ್ನು ಪವಿತ್ರಾತ್ಮರೇ ತಡೆಯಬೇಕು, ನಾವು ಒಪ್ಪಿ ಅವರಿಗೆ ಬಿಡಬೇಕು.

ಮನೆಗೆ ಒಯ್ಯಲು ನಾಲ್ಕು ಮಾತು

1. ಕಂತು ತಪ್ಪಿದರೆ ಸಭೆಗೆ ಮೊದಲು ಒಬ್ಬರು ಮನೆಗೆ ಹೋಗಿ ಕೇಳಿ. ಬಾಯಿ ಗಟ್ಟಿ ಇರುವವರು ಬೇಡ, ಮನಸ್ಸು ಮೆತ್ತಗಿರುವವರು ಹೋಗಲಿ.

2. ಬ್ಯಾಂಕಿಗೆ ಯಾವಾಗಲೂ ಇಬ್ಬರು ಹೋಗಿ. ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಇದು ಸಂಶಯವಲ್ಲ. ಕಷ್ಟದಲ್ಲಿರುವ ತಂಗಿಯನ್ನು ಆಸೆಯಿಂದ ಕಾಪಾಡುವ ಬೇಲಿ ಇದು.

3. ಜೂನ್, ಜುಲೈ ಬರುವ ಮೊದಲೇ ಮೀನುಗಾರ ಕುಟುಂಬಗಳ ಕಂತಿನ ಬಗ್ಗೆ ಮಾತಾಡಿ ಇಟ್ಟುಕೊಳ್ಳಿ. ಮಳೆಯಲ್ಲಿ ಮಲ್ಲಿಗೆ ತೋಟ ಹಾಳಾದವರ ಬಗ್ಗೆಯೂ ಹಾಗೆಯೇ.

4. ಇನ್ನೊಬ್ಬರ ತಪ್ಪು ಹೇಳುವ ಮೊದಲು, ಇದರಲ್ಲಿ ನನ್ನ ಪಾಲು ಎಷ್ಟು ಅಂತ ರಾತ್ರಿ ಪ್ರಾರ್ಥನೆಯಲ್ಲಿ ಕೇಳಿಕೊಳ್ಳಿ. ಪಾಲು ಇದ್ದರೆ ಅದನ್ನೇ ಮೊದಲು ಹೇಳಿ.

ಕುಮಟಾ ಕಡೆಯವರಿಗೆ ಕಗ್ಗದ ಭತ್ತ ಗೊತ್ತು. ಅಘನಾಶಿನಿ ಕಡಲು ಸೇರುವಲ್ಲಿಯ ಗಜನಿ ಗದ್ದೆಯಲ್ಲಿ ಬೆಳೆಯುವ ಭತ್ತ ಅದು. ಬೇರೆ ಭತ್ತ ಸಾಯುವ ಉಪ್ಪು ನೀರಿನಲ್ಲೂ ಅದು ತೆನೆ ಬಿಡ್ತದೆ. ನಮ್ಮ ಸಂಸಾರದ ಗದ್ದೆಯೂ ಹಾಗೇ, ಸಿಹಿ ನೀರು ಮಾತ್ರ ಬರುವುದಿಲ್ಲ. ಉಪ್ಪು ಹೋದ ಮೇಲೆ ಬೆಳೆಯೋಣ ಅಂತ ಕಾದರೆ ಬೆಳೆಯುವುದೇ ಇಲ್ಲ. ಆ ಗದ್ದೆಗಳ ಇನ್ನೊಂದು ಸಂಗತಿ, ಒಡ್ಡು ಎಲ್ಲರಿಗೂ ಸೇರಿದ್ದು. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ನೀರು ನುಗ್ತದೆ. ಒಡೆದ ಕಡೆ ನಿಂತು ಬಯ್ಯುವುದರಿಂದ ನೀರು ನಿಲ್ಲುವುದಿಲ್ಲ, ಎಲ್ಲರೂ ಮಣ್ಣು ಹೊರಬೇಕು.

ದೇವರು ನಮಗೆ ಲೆಕ್ಕದಲ್ಲಿ ಸತ್ಯವನ್ನೂ ನಾಲಿಗೆಯಲ್ಲಿ ದಯೆಯನ್ನೂ ಕೊಡಲಿ. ನಿಮ್ಮ ಮನೆ-ಮಕ್ಕಳನ್ನು ಹರಸಲಿ.

ಸಂಘದ ಸಭೆಯಲ್ಲಿ ಚರ್ಚಿಸಲು:

- ನಮ್ಮ ಸಂಘದಲ್ಲಿ ಕಂತು ತಪ್ಪಿದವರೊಡನೆ ಕಳೆದ ವರ್ಷ ನಾವು ಹೇಗೆ ನಡೆದುಕೊಂಡೆವು?
- ಸಭೆಗೆ ಬರುವುದನ್ನು ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?
- ನಮ್ಮ ಪಾಸ್‌ಬುಕ್ ಕೊನೆಯ ಸಲ ಎಂಟ್ರಿ ಆದದ್ದು ಯಾವಾಗ?