ವೃದ್ಧ ಕಕ್ಷಿದಾರರೂ ವಕೀಲರ ಕೈಯೊಳಗಿನ ಜಾಲತಾಣವೂ

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ವಿಚಾರವನ್ನು ಕೇಳಲೆಂದು ನೆರೆದಿರುವ ತಮ್ಮ ಮುಂದೆ ಕೋರ್ಟು ಕಚೇರಿಯ ಮಾತನ್ನು ಎತ್ತುತ್ತಿರುವುದಕ್ಕೆ ಮೊದಲಿಗೇ ಕ್ಷಮೆಯನ್ನು ಬೇಡಿಕೊಳ್ಳುತ್ತೇವೆ. ಸಿದ್ಧರಾಮನ ಈ ಸೊನ್ನಲಿಗೆಯಲ್ಲಿ ನಿಂತು ಕನ್ನಡದ ಹಿರಿಮೆಯನ್ನು ಬಣ್ಣಿಸಬಲ್ಲವರು ಈ ಸಭೆಯಲ್ಲಿಯೇ ಅನೇಕರಿದ್ದಾರೆ. ನಾವು ಕರಿಯ ಕೋಟಿನವರು. ನಮಗೆ ತಿಳಿದುದು ಅರ್ಜಿ, ಜಬಾಬು, ತಾರೀಖು ಇಷ್ಟೇ. ಆದರೂ ನಾವು ಹೇಳಹೊರಟಿರುವುದು ಕನ್ನಡದ ಮಾತೇ ಎಂಬುದು ಸ್ವಲ್ಪ ಹೊತ್ತಿನಲ್ಲಿ ತಮಗೆ ತಿಳಿದೀತು.

ನಮ್ಮ ಬಳಿಗೆ ಬರುವ ವೃದ್ಧರು ಎಂಥವರು ಎಂಬುದನ್ನು ಮೊದಲು ನೋಡೋಣ. ಅಕ್ಕಲಕೋಟೆ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಸಂಸ್ಥಾನದ ಕಾಲದಲ್ಲಿ ತೊಟ್ಟಿಲು ಕಂಡ ಮುದುಕನೊಬ್ಬ ತನ್ನ ಮನೆಯ ಹೊಸ್ತಿಲನ್ನು ದಾಟದೆಯೇ ಇಷ್ಟು ಆಡಳಿತಗಳನ್ನು ಕಂಡುಬಿಟ್ಟ. ಅವನ ಅಜ್ಜನ ಖರೀದಿ ಪತ್ರ ಮೋಡಿ ಲಿಪಿಯಲ್ಲಿದೆ. ಹೊಲದ ಸಾತಬಾರಾ ಉತಾರೆ ಮರಾಠಿಯಲ್ಲಿದೆ. ಉಚ್ಚ ನ್ಯಾಯಾಲಯದವರೆಗೆ ಹೋದರೆ ಆದೇಶ ಇಂಗ್ಲಿಷಿನಲ್ಲಿ ಬರುತ್ತದೆ. ಅವನು ಲೆಕ್ಕ ಹಾಕುವುದು, ಜಗಳಾಡುವುದು, ಅಳುವುದು ಎಲ್ಲವೂ ಕನ್ನಡದಲ್ಲಿ. ಇಂಥವನಿಗೆ ಕಾಯದೆ ಪುಸ್ತಕದಲ್ಲಿಲ್ಲ, ವಕೀಲನ ಬಾಯಲ್ಲಿದೆ. ‘ಸಾಹೇಬ್ರ, ಎಲ್ಲಿ ಅಂತೀರಿ ಅಲ್ಲಿ ಹೆಬ್ಬಟ್ಟು ಒತ್ತತೀನ್ರಿ’ ಎನ್ನುತ್ತಾನೆ. ಈ ವಿಶ್ವಾಸವೇ ನಮ್ಮ ವೃತ್ತಿಯ ಬಂಡವಾಳ, ಇದೇ ಅದರ ಅಪಾಯ.

ಈಗ ನಮ್ಮದೇ ತಪ್ಪನ್ನು ನಿವೇದಿಸಿಕೊಳ್ಳುತ್ತೇವೆ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಿಂದ ಎಪ್ಪತ್ತೈದು ದಾಟಿದ ವಿಧವೆಯೊಬ್ಬಳು ನಮ್ಮ ಕಚೇರಿಗೆ ಬಂದಿದ್ದಳು. ಕೊನೆಯವರೆಗೂ ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಹೊಲವನ್ನು ಮಗನ ಹೆಸರಿಗೆ ಬಕ್ಷೀಸು ಪತ್ರ ಮಾಡಿಕೊಟ್ಟಿದ್ದಳು, ಮಗ ನೋಡಿಕೊಳ್ಳಲಿಲ್ಲ. 2007ರಲ್ಲಿ ಆದ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯದೆಯ 23ನೆಯ ಕಲಮಿನ ಮೇರೆಗೆ ಅಂಥ ಪತ್ರವನ್ನು ರದ್ದುಗೊಳಿಸಬಹುದು. ಅದೇ ಕಾಯದೆಯ 17ನೆಯ ಕಲಮು ನ್ಯಾಯಮಂಡಳಿಯ ಮುಂದೆ ವಕೀಲರು ನಿಲ್ಲಕೂಡದೆನ್ನುತ್ತದೆ. ಈ ನಿರ್ಬಂಧವು ವಕೀಲರ ಕಾಯದೆಗೆ ವಿರುದ್ಧವೆಂದು ಕೇರಳದ ಉಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ. ನಾವಂತೂ ಅರ್ಜಿಯನ್ನು ಬರೆದುಕೊಟ್ಟು, ಆಕೆಗೆ ಕನ್ನಡದಲ್ಲಿ ಓದಿ ಹೇಳಿ, ಪ್ರಾಂತ ಅಧಿಕಾರಿಗಳ ಕಚೇರಿಯ ಹೊರಗಿನ ಬಾಕಿನ ಮೇಲೆ ಕುಳಿತಿದ್ದೆವು. ಕೆಲವು ತಿಂಗಳಿಗೆ ಆದೇಶ ಆಕೆಯ ಪರವಾಗಿ ಬಂದಿತು.

ಅಂದು ನಮ್ಮ ಕಚೇರಿಯ ತರುಣ ವಕೀಲರು ‘ಆಯಿ, ಒಂದು ಫೋಟೋ ತೆಗೀಲೇನ್ರಿ?’ ಎಂದು ಕೇಳಿದರು. ‘ತೆಗಿಯಪ್ಪಾ’ ಎಂದಳು. ಸೆರಗನ್ನು ಸರಿಪಡಿಸಿಕೊಂಡು, ಆದೇಶದ ಕಾಗದವನ್ನು ಕೈಯಲ್ಲಿ ಹಿಡಿದು ನಮ್ಮ ಪಕ್ಕದಲ್ಲಿ ನಿಂತಳು. ಮಗನಿಂದ ಮೋಸಹೋದ ತಾಯಿಗೆ ನ್ಯಾಯ ದೊರೆಯಿತೆಂಬ ತಲೆಬರಹದೊಡನೆ ಆ ಚಿತ್ರ ಫೇಸ್‌ಬುಕ್ಕಿಗೆ ಹೋಯಿತು. ಅಲ್ಲಿಂದ ಊರಿನ ವಾಟ್ಸ್ಯಾಪ್ ಗುಂಪಿಗೆ ಹೋಯಿತು. ನಾವು ಅದನ್ನು ಕಂಡೆವು, ಅಳಿಸಲು ಹೇಳಲಿಲ್ಲ. ಮೆಚ್ಚುಗೆಯ ಹೆಬ್ಬೆರಳನ್ನು ಒತ್ತಿದೆವು. ನೂರಾರು ಜನ ಕೈಮುಗಿದರು, ಹೂಗುಚ್ಛ ಕಳಿಸಿದರು. ಅದೇ ಚಿತ್ರ ಸಂಜೆಯ ಹೊತ್ತಿಗೆ ಆಕೆಯ ಮೊಮ್ಮಗಳ ಗಂಡನ ಮನೆಯನ್ನೂ ಮುಟ್ಟಿತು. ಮಗ ಎರಡು ದಿನ ಹೊರಗೆ ಮುಖ ತೋರಿಸಲಿಲ್ಲ. ಮೂರನೆಯ ದಿನ ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಹೋದವನು ದೀಪಾವಳಿಗೂ ಬರಲಿಲ್ಲ.

ಆಕೆ ಮತ್ತೆ ಬಂದಳು. ‘ಹೊಲಾ ಬಂತ್ರೀ ಸಾಹೇಬ್ರ, ಮಗಾ ಹೋದ. ಊರಾಗ ಎಲ್ಲಾರೂ ನೋಡ್ಯಾರಂತ. ನಾ ಇನ್ನಾ ನೋಡೇ ಇಲ್ಲ, ತೋರಸ್ರಿ’ ಎಂದಳು. ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿ, ಏನೂ ಅನ್ನದೆ ಫೋನನ್ನು ತಿರುಗಿ ಕೊಟ್ಟಳು.

ಫೋಟೋ ತೆಗೆಯಲು ಒಪ್ಪಿದವಳು ಅದನ್ನು ಊರಿಗೆಲ್ಲ ಹಂಚಲು ಒಪ್ಪಿದ್ದಳೆ? ಕಚೇರಿಯ ಗೋಡೆಗೆ ಹಾಕುತ್ತಾರೆಂದು ಆಕೆ ತಿಳಿದಿದ್ದಳಂತೆ. ಆಕೆಯ ಲೋಕದಲ್ಲಿ ಫೋಟೋ ಎಂದರೆ ಚೌಕಟ್ಟು, ಮೊಳೆ, ಗೋಡೆ. ಆ ಗೋಡೆ ಸಾವಿರಾರು ಮನೆಗಳಲ್ಲಿ ಒಮ್ಮೆಗೇ ಎದ್ದು ನಿಲ್ಲುತ್ತದೆಂಬುದನ್ನು ಆಕೆಗೆ ತಿಳಿಸಿ ಹೇಳಬೇಕಾದವರು ನಾವು. ತಿಳಿಯದೆ ಕೊಟ್ಟ ಒಪ್ಪಿಗೆಗೂ ಓದದೆ ಒತ್ತಿದ ಹೆಬ್ಬಟ್ಟಿಗೂ ಬೆಲೆ ಒಂದೇ ಎಂದು ಕೋರ್ಟಿನಲ್ಲಿ ವಾದಿಸುವ ನಾವು ನಮ್ಮ ಕಚೇರಿಯಲ್ಲಿಯೇ ಅದನ್ನು ಮರೆತಿದ್ದೆವು.

ನಿಯಮವೇನೂ ಹೊಸದಲ್ಲ. 1961ರ ವಕೀಲರ ಕಾಯದೆಯ ಆಧಾರದಿಂದ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ 36ನೆಯದು, ವಕೀಲನು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ಕೆಲಸವನ್ನು ಯಾಚಿಸಕೂಡದು, ಜಾಹೀರಾತು ಕೊಡಕೂಡದು ಎನ್ನುತ್ತದೆ. ತಾನು ನಡೆಸಿದ ಮೊಕದ್ದಮೆಯ ಸಂಬಂಧವಾಗಿ ತನ್ನ ಭಾವಚಿತ್ರವನ್ನು ಪ್ರಕಟಣೆಗೆ ಒದಗಿಸುವುದನ್ನೂ ಅದು ಹೆಸರಿಟ್ಟು ನಿಷೇಧಿಸಿದೆ. ನಾಮಫಲಕವೂ ಮಿತವಾದ ಅಳತೆಯದಾಗಿರಬೇಕು. ಬರೆದವರ ಕಣ್ಣ ಮುಂದೆ ಇದ್ದುದು ವೃತ್ತಪತ್ರಿಕೆ. ಆದರೆ ಆ ಮಾತು ನಮ್ಮ ಫೇಸ್‌ಬುಕ್ಕಿನ ಚಿತ್ರಕ್ಕೆ ಅಳೆದು ಹೊಲಿದ ಅಂಗಿಯಂತೆ ಒಪ್ಪುತ್ತದೆ. 2008ರಲ್ಲಿ ನಿಯಮವನ್ನು ಸ್ವಲ್ಪ ಸಡಿಲಿಸಿ, ಹೆಸರು, ವಿಳಾಸ, ಸನದಿನ ವಿವರ, ವಿದ್ಯಾರ್ಹತೆ, ನಡೆಸುವ ಕೆಲಸದ ಬಗೆ ಇವನ್ನು ಸ್ವಂತ ಜಾಲಪುಟದಲ್ಲಿ ಕೊಡಬಹುದೆಂದರು. ಗೆದ್ದ ಮೊಕದ್ದಮೆಗಳ ಮೆರವಣಿಗೆಗೆ ಅದರಲ್ಲಿ ಎಡೆಯಿಲ್ಲ. 2024ರ ಜುಲೈಯಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ಜಾಲತಾಣಗಳ ಮೂಲಕ ಕೆಲಸ ಯಾಚಿಸುವ ವಕೀಲರ ಮೇಲೆ ಕ್ರಮ ಕೈಕೊಳ್ಳಬೇಕೆಂದು ಪರಿಷತ್ತಿಗೆ ನಿರ್ದೇಶಿಸಿತು.

ನಮ್ಮ ಮಹಾರಾಷ್ಟ್ರದ ವಕೀಲರಿಗೆ ಈ ಪಾಠ ಬಹಳ ಹಿಂದೆಯೇ ಆಗಿತ್ತು. ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ ಬರುವ ಕಕ್ಷಿದಾರರನ್ನು ಕೆಲವು ವಕೀಲರು ಮುತ್ತಿ, ಒಬ್ಬರನ್ನೊಬ್ಬರು ತಳ್ಳಿ, ಕಾಗದಗಳನ್ನು ಕಸಿದುಕೊಳ್ಳುತ್ತಿದ್ದರೆಂಬ ದೂರಿನಿಂದ ಹುಟ್ಟಿದ ದಾಭೋಳಕರ ಪ್ರಕರಣದಲ್ಲಿ, 1975ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ವಕೀಲಿಯು ವ್ಯಾಪಾರವಲ್ಲವೆಂಬುದನ್ನು ಕಟುವಾಗಿಯೇ ಬರೆದರು. ಇಂದು ಕೋರ್ಟಿನ ಬಾಗಿಲಲ್ಲಿ ತಳ್ಳಾಟವಿಲ್ಲ. ಅದೇ ತಳ್ಳಾಟ ಅಂಗೈಯಗಲದ ಗಾಜಿನ ಮೇಲೆ ಸದ್ದಿಲ್ಲದೆ ನಡೆದಿದೆ.

ಇನ್ನು ಗುಟ್ಟಿನ ವಿಚಾರ. ಕಕ್ಷಿದಾರನು ಹೇಳಿದುದನ್ನು ಅವನ ಸಮ್ಮತಿಯಿಲ್ಲದೆ ಹೊರಗೆಡಹಬಾರದೆಂದು 1872ರ ಸಾಕ್ಷ್ಯ ಕಾಯದೆಯ 126ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ಅದನ್ನೇ ಹೇಳುತ್ತದೆ. ಕೆಲಸ ಮುಗಿದ ಮೇಲೆಯೂ ಈ ಹೊಣೆ ಮುಗಿಯುವುದಿಲ್ಲ. ‘ಆದೇಶವು ಹೇಗೂ ಸಾರ್ವಜನಿಕ ಕಾಗದ, ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು, ನಾವು ಹೇಳಿದರೇನು?’ ಎಂದು ನಮ್ಮ ತರುಣ ಮಿತ್ರರು ಕೇಳುವುದುಂಟು. ಅಮೆರಿಕದ ವಕೀಲರ ಸಂಘವು 2018ರಲ್ಲಿ ಕೊಟ್ಟ 480ನೆಯ ಅಭಿಪ್ರಾಯದಲ್ಲಿ, ಕಡತದಲ್ಲಿ ಬಹಿರಂಗವಾಗಿದ್ದರೂ ವಕೀಲನು ತನ್ನ ಕಕ್ಷಿದಾರನ ಸಂಗತಿಯನ್ನು ಒಪ್ಪಿಗೆಯಿಲ್ಲದೆ ಜಾಲಬರಹಗಳಲ್ಲಿ ಆಡಬಾರದೆಂದಿದೆ. ಆ ಅಭಿಪ್ರಾಯಕ್ಕೆ ನಾವು ಬದ್ಧರಲ್ಲ, ಆದರೂ ನಮಗೆ ಅದು ಸರಿಯೆನಿಸುತ್ತದೆ. ಹುಡುಕಿದವನಿಗೆ ಕೋರ್ಟಿನ ದಫ್ತರದಲ್ಲಿ ಸಿಗುವುದು ಬೇರೆ. ಹುಡುಕದವನ ಅಡಿಗೆಮನೆಗೆ ಒಯ್ದು ಬಡಿಸುವುದು ಬೇರೆ.

ವೃದ್ಧರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಯಮಪುಸ್ತಕಗಳು ಇದನ್ನು ಹೇಳುವುದಿಲ್ಲ. ನಾವು ಸಂದೇಶ ಕಳಿಸುವ ಫೋನು ಯಾರದು? ಬಹುಪಾಲು ಅದು ಮೊಮ್ಮಗನದು, ಇಲ್ಲವೆ ಸೊಸೆಯದು. ಮೃತ್ಯುಪತ್ರದ ಕರಡನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರೆ, ಯಾರಿಂದ ಅದನ್ನು ಮರೆಸಬೇಕಾಗಿದೆಯೋ ಅವರೇ ಅದನ್ನು ಮೊದಲು ಓದುತ್ತಾರೆ. ಧ್ವನಿಸಂದೇಶ ಕಳಿಸಿದರೆ, ಕಿವಿ ಮಂದವಾದ ಅಜ್ಜನಿಗಾಗಿ ಅದನ್ನು ಜೋರಾಗಿ ಹಚ್ಚುತ್ತಾರೆ, ಪಡಸಾಲೆಯೆಲ್ಲ ಕೇಳುತ್ತದೆ. ಆದುದರಿಂದ ವಕಾಲತ್ತುನಾಮೆಗೆ ಸಹಿ ಹಾಕಿಸುವ ದಿನವೇ ‘ಈ ನಂಬರು ಯಾರ ಕೈಯಾಗ ಇರತದ?’ ಎಂದು ಕೇಳಿ ಕಡತದ ಮೇಲೆ ಬರೆದುಕೊಳ್ಳುತ್ತಿದ್ದೇವೆ. ತಾರೀಖು ಯಾವತ್ತು, ಎಷ್ಟು ಗಂಟೆಗೆ ಬರಬೇಕು ಎಂಬಷ್ಟನ್ನು ಮಾತ್ರ ಫೋನಿನಲ್ಲಿ ತಿಳಿಸುತ್ತೇವೆ. ಉಳಿದುದಕ್ಕೆ ಎಸ್.ಟಿ. ಬಸ್ಸು ಇದೆ, ಬರಲಾಗದವರಲ್ಲಿಗೆ ನಾವೇ ಹೋಗುತ್ತೇವೆ. ಆಧಾರ ಪತ್ರದ ಚಿತ್ರಗಳನ್ನು ಗುಂಪುಗಳಲ್ಲಿ ಎಸೆಯುವ ಅಭ್ಯಾಸವನ್ನಂತೂ ನಿಲ್ಲಿಸಿಯೇ ಬಿಟ್ಟಿದ್ದೇವೆ.

ವಂಚಕರ ಹಾವಳಿಯನ್ನು ತಾವು ಬಲ್ಲಿರಿ. ಪೊಲೀಸರ, ನ್ಯಾಯಾಧೀಶರ ವೇಷ ತೊಟ್ಟು ವಿಡಿಯೋದಲ್ಲಿ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ್’ ಆಗಿದೆಯೆಂದು ಹೆದರಿಸಿ ಮುದುಕರ ಪಿಂಚಣಿಯ ದುಡ್ಡನ್ನು ದೋಚುತ್ತಾರೆ. ಅಂಬಾಲಾದ ವೃದ್ಧ ದಂಪತಿಗಳ ಪತ್ರದಿಂದ ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರದಲ್ಲಿ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅವರಿಗೆ ಸುಳ್ಳು ಕೋರ್ಟು ಆದೇಶಗಳನ್ನೇ ತೋರಿಸಿದ್ದರು. ಅಂಥ ಬಂಧನ ನಮ್ಮ ಯಾವ ಕಾಯದೆಯಲ್ಲಿಯೂ ಇಲ್ಲ. ಕೋಟು ಬ್ಯಾಂಡು ತೊಟ್ಟ ನಮ್ಮ ಚಿತ್ರಗಳನ್ನು ದಿನಬೆಳಗಾದರೆ ಜಾಲಕ್ಕೆ ಏರಿಸುವ ನಾವು ಇಂಥ ಕಳ್ಳರಿಗೆ ಮುಖವಾಡಗಳನ್ನು ಹೊಲಿದುಕೊಡುತ್ತಿಲ್ಲವೆ ಎಂಬುದನ್ನೂ ಯೋಚಿಸಬೇಕು.

ಹಾಗಾದರೆ ಜಾಲತಾಣವನ್ನು ಮುಟ್ಟಲೇಬಾರದೆ? ಹಾಗೆ ನಾವು ಹೇಳುವುದಿಲ್ಲ. ಇಲ್ಲಿಯೇ ಕನ್ನಡದ ಮಾತು ಬರುತ್ತದೆ. ನಮ್ಮ ವೃದ್ಧರು ಫೋನಿನಲ್ಲಿ ಕಾಯದೆಯ ವಿಚಾರ ಕೇಳುವುದು ಕನ್ನಡದಲ್ಲಿ. ಆ ವಿಡಿಯೋಗಳು ಬೆಂಗಳೂರಿನಿಂದ ಬರುತ್ತವೆ. ಅವು ಪಹಣಿಯ ಮಾತಾಡುತ್ತವೆ, ಕರ್ನಾಟಕದ ಕಂದಾಯ ಕಾಯದೆಯ ಮಾತಾಡುತ್ತವೆ. ಸಾತಬಾರಾ, ಫೇರಫಾರು, ತಲಾಠಿಗಳ ಸಂಗತಿ ಅವುಗಳಲ್ಲಿಲ್ಲ. ಮಹಾರಾಷ್ಟ್ರದ ಮಾಹಿತಿಯೆಲ್ಲ ಮರಾಠಿಯಲ್ಲಿದೆ. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ, ನಾವು ಅನ್ನ ಉಣ್ಣುವುದು ಆ ಭಾಷೆಯ ಕೋರ್ಟಿನಲ್ಲಿ. ಆದರೆ ಈ ಎರಡರ ನಡುವೆ ಬಿದ್ದ ಮುದುಕನಿಗೆ ಮಹಾರಾಷ್ಟ್ರದ ಕಾಯದೆಯನ್ನು ಕನ್ನಡದಲ್ಲಿ ಹೇಳುವವರು ಯಾರು? 60 ವರ್ಷ ದಾಟಿದ ತಂದೆತಾಯಿಗಳು ಪೋಷಣೆಗಾಗಿ ಪ್ರಾಂತ ಅಧಿಕಾರಿಗಳ ನ್ಯಾಯಮಂಡಳಿಗೆ ತಾವೇ ಅರ್ಜಿ ಕೊಡಬಹುದು; ಬಕ್ಷೀಸು ಪತ್ರ ಮಾಡುವಾಗ ನೋಡಿಕೊಳ್ಳುವ ಕರಾರನ್ನು ಪತ್ರದಲ್ಲಿಯೇ ಬರೆಸಬೇಕು; ಆದಾಯವೆಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ; 15100ಕ್ಕೆ ಫೋನು ಮಾಡಿದರೆ ಆ ನೆರವಿನ ದಾರಿ, 14567ಕ್ಕೆ ಮಾಡಿದರೆ ಹಿರಿಯರ ಸಹಾಯವಾಣಿ. ಕೊಲ್ಹಾಪುರದಲ್ಲಿ 2025ರ ಆಗಸ್ಟ್ 18ರಿಂದ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಕುಳಿತಿರುವುದರಿಂದ ನಮ್ಮ ಜಿಲ್ಲೆಯವರು ಅಪೀಲಿಗಾಗಿ ಮುಂಬಯಿಯವರೆಗೆ ಹೋಗಬೇಕಾಗಿಲ್ಲ. ಇವನ್ನೆಲ್ಲ ಯಾವ ಮೊಕದ್ದಮೆಯ ಹೆಸರೂ ಇಲ್ಲದೆ, ನಮ್ಮ ಫೋನಿನ ನಂಬರೂ ಇಲ್ಲದೆ ಹೇಳಬಹುದಲ್ಲ! ನಂಬರಿಲ್ಲದಿದ್ದರೆ ಹೇಳುವ ಹುಮ್ಮಸ್ಸು ನಮ್ಮಲ್ಲಿ ಎಷ್ಟು ಜನಕ್ಕೆ ಉಳಿದೀತೆಂಬುದು ಬೇರೆ ಮಾತು.

ಆ ತಾಯಿಯ ಚಿತ್ರವನ್ನು ಅಂದೇ ಅಳಿಸಿದೆವು. ಊರಿನ ಗುಂಪುಗಳಿಂದ ಅದನ್ನು ಅಳಿಸುವುದು ನಮ್ಮ ಕೈಯಲ್ಲಿರಲಿಲ್ಲ. ಮಗನಿಗೆ ಪತ್ರ ಬರೆದೆವು, ಕೈಬರಹದಲ್ಲಿ, ಕನ್ನಡದಲ್ಲಿ. ಚಿತ್ರ ಹಾಕಿದ ತಪ್ಪು ನಿಮ್ಮ ತಾಯಿಯದಲ್ಲ, ನಮ್ಮದು ಎಂದು. ಉತ್ತರ ಇನ್ನೂ ಬಂದಿಲ್ಲ.

ಸಂಘದ ಕಾರ್ಯಕಾರಿ ಮಂಡಳಕ್ಕೆ ಒಂದು ಅರಿಕೆ. ತಿಂಗಳಿಗೊಂದು ರವಿವಾರ ಸಂಘದ ವಾಚನಾಲಯದಲ್ಲಿ ಒಂದು ಮೇಜನ್ನೂ ಎರಡು ಕುರ್ಚಿಗಳನ್ನೂ ನಮಗೆ ಕೊಡಬೇಕು. ನೋಟೀಸು, ಉತಾರೆ, ಆದೇಶ ಯಾವುದನ್ನೇ ಆಗಲಿ ಹಿರಿಯರು ತರಲಿ. ಅದನ್ನು ಕನ್ನಡದಲ್ಲಿ ಓದಿ ಹೇಳಿ ಕಳಿಸೋಣ. ಅಲ್ಲಿ ವಕಾಲತ್ತು ಹಿಡಿಯುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಮೊದಲನೆಯ ರವಿವಾರದ ಸರದಿಯನ್ನು ನಾವೇ ವಹಿಸಿಕೊಳ್ಳುತ್ತೇವೆ.