ತೀರ್ಪನ್ನೇ ಓದಿರಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)



ಕಾನೂನು ಓದುವ ಮಕ್ಕಳಿಗೆ ಶುಲ್ಕದ ಜೊತೆಗೆ ಮೂಲ ತೀರ್ಪುಗಳ ಪ್ರತಿಗಳನ್ನೂ ಏಕೆ ಕೊಡುತ್ತೀರಿ, ಪರೀಕ್ಷೆಗೆ ಗೈಡ್ ಸಾಲದೇ ಎಂದು ಕೆಲವು ದಾನಿಗಳು ಕೇಳಿದ್ದಾರೆ. ಒಂದು ಮೊಕದ್ದಮೆಯ ಮೂಲಕವೇ ಉತ್ತರ ಹೇಳುತ್ತೇವೆ.

1977ರ ಜುಲೈನಲ್ಲಿ ಮೇನಕಾ ಗಾಂಧಿಯವರಿಗೆ ದೆಹಲಿಯ ಪಾಸ್‌ಪೋರ್ಟ್ ಕಚೇರಿಯಿಂದ ಪತ್ರ ಬಂತು. ಸಾರ್ವಜನಿಕ ಹಿತಕ್ಕಾಗಿ ಅವರ ಪಾಸ್‌ಪೋರ್ಟನ್ನು ವಶಕ್ಕೆ ಪಡೆಯಲು ಸರ್ಕಾರ ನಿರ್ಧರಿಸಿದೆ, ಏಳು ದಿನದೊಳಗೆ ಒಪ್ಪಿಸಬೇಕು ಎಂದು ಅದರಲ್ಲಿತ್ತು. ಕಾರಣ ಕೇಳಿದರೆ, ಸಾರ್ವಜನಿಕ ಹಿತದ ದೃಷ್ಟಿಯಿಂದ ಅದನ್ನೂ ಕೊಡಲಾಗದು ಎಂಬ ಉತ್ತರ ಬಂತು. ಅವರು ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋದರು. 1978ರ ಜನವರಿ 25ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು.

ಗೈಡಿನಲ್ಲಿ ಇದು ಒಂದೇ ಸಾಲು: 21ನೇ ವಿಧಿಯಡಿ ಕಾರ್ಯವಿಧಾನ ನ್ಯಾಯಯುತವಾಗಿರಬೇಕು. ಸಾಲು ಸರಿಯೇ. ಆದರೆ ಮೂಲವನ್ನು ಓದಿದವರಿಗೆ ಇನ್ನೂ ಮೂರು ಸಂಗತಿ ಸಿಗುತ್ತವೆ.

ಮೊದಲನೆಯದು ಕಾಯ್ದೆಯ ಮಾತು. 1967ರ ಪಾಸ್‌ಪೋರ್ಟ್ ಕಾಯ್ದೆಯ 10(5)ನೇ ಸೆಕ್ಷನ್ ಪ್ರಕಾರ ಅಧಿಕಾರಿ ಕಾರಣಗಳನ್ನು ಬರೆದಿಡಬೇಕು. ದೇಶದ ಭದ್ರತೆ, ಸಾರ್ವಜನಿಕ ಹಿತದಂಥ ಅಡ್ಡಿ ಇಲ್ಲದಿದ್ದರೆ, ಕೇಳಿದವರಿಗೆ ಪ್ರತಿ ಕೊಡಬೇಕು. ಆ ಅಡ್ಡಿ ಇಲ್ಲಿ ನಿಜಕ್ಕೂ ಇತ್ತೇ ಎಂದು ತೀರ್ಪು ಪರಿಶೀಲಿಸುತ್ತದೆ.

ಎರಡನೆಯದು ಮೊಕದ್ದಮೆಯ ಕೊನೆ. ಕೋರ್ಟ್ ಆ ಆದೇಶವನ್ನು ರದ್ದುಪಡಿಸಲಿಲ್ಲ. ಅವರ ಅಹವಾಲನ್ನು ಸರ್ಕಾರ ಕೇಳುತ್ತದೆ ಎಂದು ಅಟಾರ್ನಿ ಜನರಲ್ ಕೊಟ್ಟ ಭರವಸೆಯ ಮೇಲೆ ಅರ್ಜಿಯನ್ನು ವಿಲೇವಾರಿ ಮಾಡಿತು.

ಮೂರನೆಯದು ಹಳೆಯ ಭಿನ್ನಮತ. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಸೈಯದ್ ಫಜಲ್ ಅಲಿಯವರು, ನೋಟಿಸ್, ಅಹವಾಲು ಹೇಳುವ ಅವಕಾಶ, ನಿಷ್ಪಕ್ಷಪಾತ ವಿಚಾರಣೆ ಇಲ್ಲದ ಕಾರ್ಯವಿಧಾನ ಸಾಲದು ಎಂದು ಬರೆದಿದ್ದರು. ಅಂದು ಬಹುಮತ ಒಪ್ಪಲಿಲ್ಲ. 28 ವರ್ಷಗಳ ನಂತರ ಮೇನಕಾ ಪ್ರಕರಣದ ಪೀಠದಲ್ಲಿ ಅವರ ಮಗ ಮುರ್ತಜಾ ಫಜಲ್ ಅಲಿಯವರೂ ಇದ್ದರು. ಸೋತ ವಾದವನ್ನೂ ಓದಬೇಕು, ಮಕ್ಕಳೇ.

ಈ ಓದು ನಮಗೂ ಮುಟ್ಟಿತು. ನಮ್ಮ ಟ್ರಸ್ಟ್ ‘ಆಯ್ಕೆಯಾಗಿಲ್ಲ’ ಎಂದಷ್ಟೇ ಬರೆದು ಪತ್ರ ಕಳಿಸುತ್ತಿತ್ತು. ‘ಪಾಸ್‌ಪೋರ್ಟ್ ಕಚೇರಿ ಕಾರಣ ಹೇಳಬೇಕು, ನೀವು ಹೇಳಬೇಡವೇ?’ ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನಾವು ಸರ್ಕಾರವಲ್ಲ, ಆ ತೀರ್ಪು ನಮಗೆ ಅನ್ವಯಿಸದು ಎನ್ನಬಹುದಿತ್ತು. ಆದರೆ ಬಾಗಿಲಿಗೆ ಬಂದು ಬರಿಗೈಯಲ್ಲಿ ಮರಳಿದ ಕುಟುಂಬಕ್ಕೆ ಅದು ಉತ್ತರವಾಗುತ್ತಿರಲಿಲ್ಲ.

ಆದ್ದರಿಂದ ಈ ವರ್ಷದಿಂದ ತಿರಸ್ಕೃತವಾದ ಪ್ರತಿ ಅರ್ಜಿಗೂ ಕಾರಣ ಬರೆದು ಕಳಿಸುತ್ತೇವೆ. ಪತ್ರ ತಲುಪಿದ 15 ದಿನಗಳೊಳಗೆ ಮರುಪರಿಶೀಲನೆ ಕೋರಬಹುದು. ಮೊದಲ ಆಯ್ಕೆಯಲ್ಲಿ ಕೂತವರು ಮರುಪರಿಶೀಲನೆಯಲ್ಲಿ ಕೂರುವುದಿಲ್ಲ.

ಕಾನೂನು ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಮೊದಲು ಸಂಗತಿಗಳನ್ನು, ಆಮೇಲೆ ಕಾಯ್ದೆಯ ಸೆಕ್ಷನ್ನನ್ನು, ಬಳಿಕ ಬಹುಮತದ ತೀರ್ಪನ್ನು, ಕೊನೆಗೆ ಭಿನ್ನಮತವನ್ನು ಓದಿರಿ. ಇಂಗ್ಲಿಷ್ ತೊಡಕೆನಿಸಿದರೆ ಕನ್ನಡದ ಸಂವಿಧಾನವನ್ನು ಪಕ್ಕದಲ್ಲಿಟ್ಟುಕೊಳ್ಳಿ. ದಿನಕ್ಕೆ ಐದು ಪುಟವಾದರೂ ಸಾಕು.

ದಾನಿಗಳ ದಾನವನ್ನು ಅಲ್ಲಾಹನು ಸ್ವೀಕರಿಸಲಿ. ಈ ಮಕ್ಕಳನ್ನು ನ್ಯಾಯದ ಪರ ನಿಲ್ಲುವವರನ್ನಾಗಿ ಮಾಡಲಿ. ಆಮೀನ್.