ವೇದಿಕೆಯಿಂದ ವಾರ್ಡಿಗೆ

ಕಲಾವಿದರೊಬ್ಬರು ರಂಗ ಬಿಟ್ಟು ಚಿಕಿತ್ಸಕರಾದರೆ, ಕಲಿತ ವಿದ್ಯೆಯೆಲ್ಲ ದಂಡವಾಯಿತಲ್ಲ ಎಂದು ಮರುಗುವವರಿದ್ದಾರೆ. ಕಲೆ ಬಲ್ಲವರಿಗೆ ಮನಸ್ಸಿನ ಚಿಕಿತ್ಸೆ ಯಾವ ಮಹಾ ವಿದ್ಯೆ ಎನ್ನುವವರೂ ಇದ್ದಾರೆ. ಎರಡೂ ಮಾತು ಸರಿಯಲ್ಲ ಎನ್ನುವುದಕ್ಕೆ ಅಮೆರಿಕದ ಮೇರಿಯನ್ ಚೇಸ್ ಅವರ ಬದುಕು ಸಾಕ್ಷಿ. 1896ರಲ್ಲಿ ಹುಟ್ಟಿದ ಆಕೆ ಹೆಸರಾಂತ ಡೆನಿಶಾನ್ ಶಾಲೆಯಲ್ಲಿ ನೃತ್ಯ ಕಲಿತು ವೇದಿಕೆ ಏರಿದವರು, ಆಮೇಲೆ ವಾಷಿಂಗ್ಟನ್‌ನಲ್ಲಿ ಪಾಠ ಹೇಳಿದವರು. ನರ್ತಕರಾಗುವ ಆಸೆಯೇ ಇಲ್ಲದ ಕೆಲವರು ಅವರ ತರಗತಿಗೆ ಬರುತ್ತಿದ್ದರು. ಇವರಿಗೆ ಬೇಕಾದದ್ದೇನು ಎಂದು ಗಮನಿಸುತ್ತ ಹೋದಂತೆ, ಹೆಜ್ಜೆಯ ಅಚ್ಚುಕಟ್ಟಿಗಿಂತ ಹೆಜ್ಜೆ ಹಾಕುವವರೇ ಅವರಿಗೆ ಮುಖ್ಯರಾದರು. ವಿಷಯ ವೈದ್ಯರಿಗೂ ತಿಳಿಯಿತು. 1942ರಲ್ಲಿ ಸೇಂಟ್ ಎಲಿಜಬೆತ್ಸ್ ಮನೋರೋಗ ಆಸ್ಪತ್ರೆಯಲ್ಲಿ ಅವರ ಕೆಲಸ ಶುರುವಾಯಿತು.

ಅಲ್ಲಿ ಮಾತೇ ನಿಂತುಹೋದ ರೋಗಿಗಳಿದ್ದರು, ಯುದ್ಧದಲ್ಲಿ ನೊಂದ ಸೈನಿಕರಿದ್ದರು. ಒಬ್ಬರು ಕುಳಿತಲ್ಲೇ ಹಿಂದೆ ಮುಂದೆ ತೂಗುತ್ತಿದ್ದರೆ, ಚೇಸ್ ಅದೇ ಲಯವನ್ನು ತಮ್ಮ ಮೈಗೆ ತಂದುಕೊಳ್ಳುತ್ತಿದ್ದರು. ಅದು ಅಣಕವಲ್ಲ, ನೀವಿರುವಲ್ಲಿಗೆ ನಾನೂ ಬಂದಿದ್ದೇನೆ ಎಂದು ಮೈಯಿಂದಲೇ ತಿಳಿಸುವ ಕ್ರಮ. ಆ ಲಯ ನಿಧಾನವಾಗಿ ಇಬ್ಬರದಾಗಿ, ಕೊನೆಗೆ ಸುತ್ತ ನಿಂತ ಗುಂಪಿನದಾಗುತ್ತಿತ್ತು. ಕುಣಿತದಿಂದ ಹುಚ್ಚು ವಾಸಿಯಾದೀತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇಂಥ ರೋಗಗಳಿಗೆ ಪರಿಣಾಮಕಾರಿ ಔಷಧಿಗಳು ಬಂದದ್ದೇ 1950ರ ದಶಕದಲ್ಲಿ. ಆ ಔಷಧಿಯ ಕೆಲಸವನ್ನು ನೃತ್ಯ ಮಾಡಲಾರದು. ಆದರೆ ಮಾತ್ರೆಯೊಂದರಿಂದಲೇ ಇನ್ನೊಬ್ಬರ ಜೊತೆ ಬೆರೆಯುವ ಧೈರ್ಯ ಮರಳುವುದಿಲ್ಲ. ಅದು ಜೊತೆಗೂಡಿಯೇ ಬರಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನೋಡಿಸಿಕೊಂಡು ರೂಢಿಯಾದವರು ನೋಡುವವರಾಗಲು ಸಾಧ್ಯವೇ? ತಾನಾಗಿ ಆಗುವುದಿಲ್ಲ. ಸಹಕಲಾವಿದರ ಭುಜದ ಬಿಗಿತ, ಉಸಿರಿನ ಏರಿಳಿತ ಗುರುತಿಸುವ ಕಣ್ಣನ್ನು ರಂಗವೇ ಕೊಡುತ್ತದೆ. ಚಪ್ಪಾಳೆಯ ಹಂಬಲವನ್ನೂ ಅದೇ ಅಂಟಿಸುತ್ತದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕಳಚಿಕೊಳ್ಳಲು ಬೇರೆಯೇ ಶಿಕ್ಷಣ ಬೇಕು. ಚೇಸ್ ಮನೋವೈದ್ಯರ ಜೊತೆಗಿದ್ದು ಕಲಿತರು, ಕಿರಿಯರನ್ನು ತರಬೇತುಗೊಳಿಸಿದರು. 1966ರಲ್ಲಿ ಅಮೆರಿಕನ್ ಡಾನ್ಸ್ ಥೆರಪಿ ಅಸೋಸಿಯೇಷನ್ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷೆ. ವೇದಿಕೆಯ ಹೆಸರಿನ ಮೇಲೆ ಯಾರೂ ಚಿಕಿತ್ಸಕರಾಗಬಾರದು ಎನ್ನುವ ಎಚ್ಚರ ಅದರಲ್ಲಿತ್ತು. ವೃತ್ತಿ ಬದಲಿಸುವ ಯಾರಿಗಾದರೂ ಈ ಲೆಕ್ಕಾಚಾರ ತಪ್ಪಿದ್ದಲ್ಲ: ಹಳೆಯ ಕಸುಬಿನ ಜಾಣ್ಮೆ ಜೊತೆಗೆ ಬರಲಿ, ಅದು ತಂದುಕೊಟ್ಟ ದೊಡ್ಡಸ್ತಿಕೆ ಅಲ್ಲೇ ಉಳಿಯಲಿ.